ಹತ್ತು ಹರ್ಡಲ್, ಒಂದೇ ಕಾಲು

ಈ ಸಲದ ವಿಷಯ ಸ್ವಲ್ಪ ವಿಚಿತ್ರ ಅನಿಸಬಹುದು. ರಾಜರಿಲ್ಲ, ಯುದ್ಧವಿಲ್ಲ, ಶಾಸನವಿಲ್ಲ. ಇರೋದು ಎರಡು ಕಾಲು ಮತ್ತು ಹತ್ತು ಅಡೆತಡೆ. ಮೊದಲು ಈ ವಿಷಯ ನನ್ನ ತಲೆಗೆ ಹೇಗೆ ಹೊಕ್ಕಿತು ಅಂತ ಹೇಳಿಬಿಡ್ತೀನಿ.

ಹೋದ ವರ್ಷ ಪುಣೆಯಲ್ಲಿ ಬ್ಯಾಡ್ಮಿಂಟನ್ ಆಡುವಾಗ ಎಡ ಮೊಣಕಾಲು ಹಿಡಿದುಕೊಂಡಿತು. ಫಿಸಿಯೋ ಹತ್ತಿರ ಹೋದೆ. ಅವರು ನನ್ನನ್ನು ಒಂದು ಯಂತ್ರದ ಕುರ್ಚಿಗೆ ಕಟ್ಟಿ, ಒಂದೊಂದೇ ಕಾಲಿನಿಂದ ಸನ್ನೆಯನ್ನು ಒದೆಯಲು ಹೇಳಿದರು. ತೆರೆಯ ಮೇಲೆ ಎರಡು ಕಂಬ ಎದ್ದವು. ಎಡಗಾಲಿನದು ಮೋಟು, ಕೆಂಪು ಬಣ್ಣ. ನನ್ನ ಕೆಲಸ ಸಾಫ್ಟ್‌ವೇರ್. ಕೆಂಪು ಕಂಡರೆ ಅದು ಬಗ್, ಸರಿಪಡಿಸಲೇಬೇಕು ಅನ್ನೋದು ಅಭ್ಯಾಸವಾಗಿಬಿಟ್ಟಿದೆ. "ಎರಡೂ ಸಮ ಆಗೋದು ಯಾವಾಗ?" ಅಂತ ಕೇಳಿದೆ. ಅವರು ನಕ್ಕು, "ನೋವು ಬರೋ ಮುಂಚೆ ಎರಡೂ ಸಮ ಇದ್ದವು ಅಂತ ನಿಮಗೆ ಯಾರು ಹೇಳಿದರು?" ಅಂದರು.

ಉತ್ತರ ನನ್ನ ಬಳಿ ಇರಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡಿದೆ. ಓದುತ್ತಾ ಓದುತ್ತಾ ಹೋಗಿ ನಿಂತಿದ್ದು ಹರ್ಡಲ್ಸ್ ಓಟದ ಮುಂದೆ. ಯಾಕೆಂದರೆ ಮನುಷ್ಯನ ಎರಡು ಕಾಲನ್ನು ನಿಯಮ ಹಾಕಿಯೇ ಬೇರೆ ಬೇರೆ ಮಾಡಿದ ಆಟ ಅದು. ಹಾಗೆ ಮಾಡಬೇಕು ಅಂತ ಯಾರೂ ಕೂತು ಯೋಚಿಸಲಿಲ್ಲ. ಅಳತೆ ಇಟ್ಟರು, ಉಳಿದದ್ದನ್ನು ಗಣಿತ ಮಾಡಿತು.

ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ. ಹರ್ಡಲ್ ಅಂದರೆ ಮೂಲತಃ ಕುರಿಗಳನ್ನು ತಡೆದು ನಿಲ್ಲಿಸುವ ಮರದ ತಡಿಕೆ. ಹತ್ತೊಂಬತ್ತನೇ ಶತಮಾನದ ನಡುವೆ ಶಾಲೆ, ಕಾಲೇಜುಗಳ ಹುಡುಗರು ಇವನ್ನು ಹುಲ್ಲಿನ ಮೇಲೆ ನೆಟ್ಟು ಹಾರಿ ಓಡುತ್ತಿದ್ದರು. 1864ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವೆ ಮೊದಲ ಅಥ್ಲೆಟಿಕ್ಸ್ ಪಂದ್ಯ ನಡೆದಾಗ ಹರ್ಡಲ್ಸ್ ಕೂಡ ಇತ್ತು. ನಿಧಾನಕ್ಕೆ ಅಳತೆ ಗಟ್ಟಿಯಾಯಿತು. ಒಟ್ಟು 120 ಗಜ, ಮೂರೂವರೆ ಅಡಿ ಎತ್ತರದ ಹತ್ತು ಹರ್ಡಲ್, ಮೊದಲ ಹರ್ಡಲ್‌ಗೆ 15 ಗಜ, ನಡುವೆ ಹತ್ತತ್ತು ಗಜ, ಕೊನೆಗೆ ಮತ್ತೆ 15 ಗಜ. ಇವತ್ತು ಗಂಡಸರ 110 ಮೀಟರ್ ಓಟದಲ್ಲಿ ಹರ್ಡಲ್ ನಡುವೆ 9.14 ಮೀಟರ್ ಇರುತ್ತೆ. ಎತ್ತರ 1.067 ಮೀಟರ್. ಅಂದ್ರೆ ಅದೇ ಹತ್ತು ಗಜ, ಅದೇ ಮೂರೂವರೆ ಅಡಿ. ಅಂದಿನ ಹುಡುಗರ ಹುಲ್ಲುಗಾವಲಿನ ಲೆಕ್ಕ ನೂರೈವತ್ತು ವರ್ಷದ ಮೇಲೂ ಹಾಗೇ ಇದೆ.

ಈಗ ಈ ಹತ್ತು ಗಜದ ಗಣಿತ ನೋಡಿ. ವೇಗವಾಗಿ ಓಡುವ ಗಂಡಸು ಎರಡು ಹರ್ಡಲ್ ನಡುವೆ ಮೂರು ಹೆಜ್ಜೆ ಹಾಕುತ್ತಾನೆ. ಎರಡು ಹಾಕಿದರೆ ದೂರ ಮುಟ್ಟಲ್ಲ. ನಾಲ್ಕು ಹಾಕಿದರೆ ಹೆಜ್ಜೆ ಮೋಟಾಗಿ ವೇಗ ಸಾಯುತ್ತೆ. ಮೂರು ಓಟದ ಹೆಜ್ಜೆ, ಒಂದು ಹಾರುವ ಹೆಜ್ಜೆ, ಒಟ್ಟು ನಾಲ್ಕು. ನಾಲ್ಕು ಸಮಸಂಖ್ಯೆ. ಕಾಲು ಎರಡು. ಹಾಗಾಗಿ ಪ್ರತಿ ಹರ್ಡಲ್ ಮುಂದೆ ನೆಲ ಒದೆಯುವುದು ಅದೇ ಕಾಲು, ಮೊದಲು ದಾಟಿ ಇಳಿಯುವುದೂ ಅದೇ ಇನ್ನೊಂದು ಕಾಲು. ಹತ್ತಕ್ಕೆ ಹತ್ತು ಸಲ. ಇಡೀ ಓಟದಲ್ಲಿ ಒಂದು ಕಾಲು ಒಮ್ಮೆಯೂ ಹಾರಲ್ಲ, ಇನ್ನೊಂದು ಒಮ್ಮೆಯೂ ಮೊದಲು ಇಳಿಯಲ್ಲ. ಬರೀ ಓಟದ ದಿನ ಹತ್ತು ಸಲ ಆದರೆ ಚಿಂತೆಯಿಲ್ಲ. ಅಭ್ಯಾಸದಲ್ಲಿ ದಿನಕ್ಕೆ ನಲವತ್ತು ಹರ್ಡಲ್ ಅಂತ ಇಟ್ಕೊಳ್ಳಿ, ವಾರಕ್ಕೆ ಮೂರು ದಿನ, ಹತ್ತು ವರ್ಷ. ಗುಣಾಕಾರ ನೀವೇ ಮಾಡಿ.

ಆದರೆ ಮೊದಮೊದಲು ಈ ಭೇದ ಅಷ್ಟಾಗಿ ಇರಲಿಲ್ಲ. ಆಗಿನವರು ಹರ್ಡಲನ್ನು ನಿಜಕ್ಕೂ ಹಾರುತ್ತಿದ್ದರು. ಕಾಲು ಮಡಚಿ, ಎತ್ತರಕ್ಕೆ ಜಿಗಿದು, ದೊಪ್ಪನೆ ಇಳಿದು, ಮತ್ತೆ ಓಟ ಶುರು ಮಾಡೋದು. ನಮ್ಮೂರಲ್ಲಿ ಬೇಲಿ ಹಾರುವ ರೀತಿ ಅಂದ್ಕೊಳ್ಳಿ. 1886ರ ಸುಮಾರಿಗೆ ಆಕ್ಸ್‌ಫರ್ಡಿನ ಆರ್ಥರ್ ಕ್ರೂಮ್ ಮುಂದಿನ ಕಾಲನ್ನು ನೇರವಾಗಿ ಚಾಚಿ, ದೇಹ ಮುಂದಕ್ಕೆ ಬಾಗಿಸಿ ದಾಟುವ ರೀತಿ ತಂದ ಅಂತ ಹರ್ಡಲ್ಸ್ ಇತಿಹಾಸ ಬರೆದವರು ಹೇಳುತ್ತಾರೆ. ಈ ಕ್ರೂಮ್ ಕ್ರಿಕೆಟಿಗನೂ ಹೌದು. 1887ರಲ್ಲಿ ಓಲ್ಡ್ ಟ್ರ್ಯಾಫರ್ಡಿನಲ್ಲಿ ಚೆಂಡಿನ ಹಿಂದೆ ಓಡಿ ಬೌಂಡರಿಯ ಕಬ್ಬಿಣದ ಬೇಲಿಯ ಮೊನೆಗೆ ಕುತ್ತಿಗೆ ಸಿಕ್ಕಿಸಿಕೊಂಡ. ವೈದ್ಯನೂ ಆಗಿದ್ದ ಡಬ್ಲ್ಯು.ಜಿ. ಗ್ರೇಸ್ ಗಾಯವನ್ನು ಕೈಯಲ್ಲಿ ಒತ್ತಿ ಹಿಡಿದು ಅವನನ್ನು ಉಳಿಸಿದ. ಹರ್ಡಲ್ ದಾಟೋಕೆ ದಾರಿ ತೋರಿಸಿದವನಿಗೆ ಬೇಲಿಯೇ ಮುಳುವಾಗೋದರಲ್ಲಿತ್ತು!

ಆ ರೀತಿಯನ್ನು ಪೂರ್ತಿ ಹದಕ್ಕೆ ತಂದವನು ಅಮೆರಿಕದ ಆಲ್ವಿನ್ ಕ್ರೆಂಜ್ಲೈನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಓದುತ್ತಿದ್ದ ಹುಡುಗ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 60 ಮೀಟರ್, 110 ಮೀಟರ್ ಹರ್ಡಲ್ಸ್, 200 ಮೀಟರ್ ಹರ್ಡಲ್ಸ್, ಲಾಂಗ್ ಜಂಪ್, ಹೀಗೆ ನಾಲ್ಕು ವೈಯಕ್ತಿಕ ಚಿನ್ನ ಗೆದ್ದ. ಅವನ ರೀತಿಯಲ್ಲಿ ಹರ್ಡಲ್ ಅನ್ನೋದು ಹಾರುವ ವಸ್ತುವಾಗಿ ಉಳಿಯಲಿಲ್ಲ, ಓಟದ ನಡುವಿನ ಒಂದು ಉದ್ದನೆಯ ಹೆಜ್ಜೆಯಾಯಿತು. ಅಂದಹಾಗೆ ಆ 200 ಮೀಟರ್ ಹರ್ಡಲ್ಸ್‌ನಲ್ಲಿ ಅವನ ಹಿಂದೆ ಎರಡನೆಯವನಾಗಿ ಬಂದವನು ಯಾರು ಗೊತ್ತಾ? ಕಲ್ಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್. ಭಾರತದ ಲೆಕ್ಕಕ್ಕೋ ಬ್ರಿಟನ್ ಲೆಕ್ಕಕ್ಕೋ ಅಂತ ಇವತ್ತಿಗೂ ಜಗಳ ಇರುವ ಆ ಎರಡು ಬೆಳ್ಳಿಯಲ್ಲಿ ಒಂದು ಹರ್ಡಲ್ಸ್‌ನಲ್ಲೇ ಬಂದದ್ದು. ಒಲಿಂಪಿಕ್ಸ್‌ನಲ್ಲಿ ಭಾರತದ ಕಥೆ ಶುರುವಾಗೋದೇ ಕ್ರೆಂಜ್ಲೈನನ ಬೆನ್ನ ಹಿಂದೆ ಅಂದರೂ ತಪ್ಪಿಲ್ಲ.

ಕಾಲುಗಳ ಕೆಲಸ ಹಂಚಿಹೋಗಿದ್ದು ಇಲ್ಲೇ. ಇನ್ನೊಂದು ಬದಲಾವಣೆ 1935ರಲ್ಲಿ ಬಂತು. ಅದಕ್ಕೂ ಮೊದಲಿನ ಹರ್ಡಲ್ ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದ ಥರ, ಭಾರ. ತಗುಲಿದರೆ ಮೂಳೆಗೇ ಪೆಟ್ಟು. ಮೂರು ಉರುಳಿಸಿದರೆ ಓಟದಿಂದಲೇ ಹೊರಗೆ. ಒಂದು ಉರುಳಿಸಿದರೂ ದಾಖಲೆ ಲೆಕ್ಕಕ್ಕಿಲ್ಲ. 1935ರಲ್ಲಿ ಎಲ್ ಆಕಾರದ, ಬಡಿದರೆ ಮುಂದಕ್ಕೆ ಮಗುಚುವ ಹರ್ಡಲ್ ಬಂತು. ಭಯ ಕಡಿಮೆಯಾಯಿತು, ಹರ್ಡಲ್ ಮೇಲೆ ಸವರಿಕೊಂಡೇ ಹೋಗಬಹುದು. ಮರುವರ್ಷವೇ ಅಮೆರಿಕದ ಫಾರೆಸ್ಟ್ ಟೌನ್ಸ್ ಬರ್ಲಿನ್ ಒಲಿಂಪಿಕ್ಸ್ ಗೆದ್ದು, ಆಮೇಲೆ ಓಸ್ಲೋದಲ್ಲಿ 13.7 ಸೆಕೆಂಡಿಗೆ ಓಡಿದ. 14 ಸೆಕೆಂಡಿನ ಗೋಡೆ ಬಿತ್ತು. ವೇಗ ಹೆಚ್ಚಾದಷ್ಟೂ ಎರಡು ಕಾಲಿನ ಕೆಲಸ ಇನ್ನಷ್ಟು ದೂರ ದೂರ ಸರಿಯಿತು.

ಏನು ಆ ಕೆಲಸ? ಒಂದು ಹರ್ಡಲನ್ನೇ ನಿಧಾನಗತಿಯಲ್ಲಿ ನೋಡೋಣ. ಒಳ್ಳೆಯ ಓಟಗಾರ ಹರ್ಡಲ್‌ಗೆ ಸುಮಾರು ಎರಡು ಮೀಟರ್ ಮೊದಲೇ ನೆಲ ಬಿಡುತ್ತಾನೆ. ಆ ಟೇಕ್‌ಆಫ್ ಕಾಲಿಗೆ ನೆಲದ ಮೇಲೆ ಸಿಗೋದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಪೃಷ್ಠ, ತೊಡೆಯ ಮುಂಭಾಗ, ಮೀನಖಂಡ ಮೂರೂ ಸೇರಿ ದೇಹವನ್ನು ಮುಂದಕ್ಕೂ ಮೇಲಕ್ಕೂ ತಳ್ಳಬೇಕು. ಆಮೇಲೆ ಅದೇ ಕಾಲು ಟ್ರೇಲ್ ಕಾಲಾಗಿ, ಮಡಚಿಕೊಂಡು ಪಕ್ಕದಿಂದ ಸುತ್ತಿ, ಕಂಕುಳ ಕೆಳಗೆ ಮಂಡಿ ಬರುವ ಹಾಗೆ ದಾಟಬೇಕು. ಅದಕ್ಕೆ ಸೊಂಟದ ಪಕ್ಕದ ಸ್ನಾಯುಗಳ ದುಡಿಮೆ ಬೇಕು. ಮುಂದಿನ ಲೀಡ್ ಕಾಲಿನ ಪಾಡು ಬೇರೆ. ಮಂಡಿ ಎದೆಯ ಕಡೆಗೆ ಎದ್ದು, ಆಮೇಲೆ ಕಾಲು ನೀಳವಾಗಬೇಕು. ಆಗ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ತಂತಿಯಂತೆ ಬಿಗಿಯುತ್ತದೆ. ಆ ಬಿಗಿಯಲ್ಲೇ ಅದು ಕಾಲನ್ನು ಕೆಳಕ್ಕೆ ಎಳೆಯಬೇಕು. ಹರ್ಡಲ್ ದಾಟಿ ಒಂದೂಕಾಲು, ಒಂದೂವರೆ ಮೀಟರಿಗೆ ಆ ಕಾಲು ನೆಲಕ್ಕೆ ಬಡಿಯುತ್ತದೆ. ದೇಹದ ತೂಕದ ಎಷ್ಟೋ ಪಟ್ಟು ಬಲ ಒಂದೇ ಪಾದದ ಮೇಲೆ. ಹಿಮ್ಮಡಿ ಕುಸಿಯಬಾರದು, ಕುಸಿದರೆ ವೇಗ ಹೋಯಿತು.

ಒಂದು ಕಾಲು ಸ್ಪ್ರಿಂಗ್, ಇನ್ನೊಂದು ಕಾಲು ಶಾಕ್ ಅಬ್ಸಾರ್ಬರ್. ಇವೆರಡೂ ಒಂದೇ ಥರ ಬೆಳೆಯಬೇಕು ಅಂತ ನಿರೀಕ್ಷಿಸೋದು ಹೇಗೆ? ಬಡಗಿಯ ಬಲಗೈ, ಎಡಗೈ ಒಂದೇ ಥರ ಇರುತ್ತಾ? ನೇಗಿಲು ಹಿಡಿದವರ ಅಂಗೈ ನೋಡಿ. ಕಸುಬು ಮೈಮೇಲೆ ಗುರುತು ಬಿಡುತ್ತೆ.

ಈ ಸಮ-ಬೆಸದ ಆಟ ಶುರುವಿನಲ್ಲೂ ಇದೆ. ಬಹಳ ಕಾಲ ಎಲ್ಲರೂ ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ ಹಾಕುತ್ತಿದ್ದರು. ಬ್ಲಾಕ್‌ನಿಂದ ಮೊದಲು ಹೊರಬರೋದು ಹಿಂದಿನ ಕಾಲು. ಹಾಗಾಗಿ ಎಂಟನೇ ಹೆಜ್ಜೆ ಬೀಳೋದು ಬ್ಲಾಕ್‌ನಲ್ಲಿ ಮುಂದಿದ್ದ ಕಾಲಿನದು. ಅದೇ ಟೇಕ್‌ಆಫ್ ಕಾಲು. ಏಳಕ್ಕೆ ಇಳಿಸಿದರೆ ಲೆಕ್ಕ ತಿರುಗುತ್ತೆ. ಅದೇ ಕಾಲಿನಿಂದ ಹಾರಬೇಕಂದ್ರೆ ಬ್ಲಾಕ್‌ನಲ್ಲಿ ಕಾಲು ಅದಲು ಬದಲು ಮಾಡಬೇಕು. ವರ್ಷಗಟ್ಟಲೆ ಮುಂದಿಟ್ಟ ಕಾಲನ್ನು ಹಿಂದಿಡಬೇಕು. ಜೊತೆಗೆ ಪ್ರತಿ ಹೆಜ್ಜೆ ಉದ್ದವಾಗಬೇಕು, ಅಂದರೆ ಹೆಚ್ಚು ಬಲ ಬೇಕು. ಕ್ಯೂಬಾದ ಡೈರಾನ್ ರೋಬ್ಲೆಸ್ ಏಳು ಹೆಜ್ಜೆಯಲ್ಲಿ ಓಡಿ 2008ರಲ್ಲಿ 12.87 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಅಮೆರಿಕದ ಏರೀಸ್ ಮೆರಿಟ್ 2012ರ ಋತುವಿಗೆ ಮುಂಚೆ ಎಂಟರಿಂದ ಏಳಕ್ಕೆ ಬದಲಾದ. ಆ ವರ್ಷ ಲಂಡನ್ ಒಲಿಂಪಿಕ್ಸ್ ಗೆದ್ದು, ಸೆಪ್ಟೆಂಬರ್ 7ರಂದು ಬ್ರಸೆಲ್ಸ್‌ನಲ್ಲಿ 12.80ಕ್ಕೆ ಓಡಿದ.

ಇದಕ್ಕೆ ವಿರುದ್ಧದ ಚಿತ್ರ 400 ಮೀಟರ್ ಹರ್ಡಲ್ಸ್. ಅಲ್ಲಿ ಹರ್ಡಲ್ ನಡುವೆ 35 ಮೀಟರ್. ಸುಸ್ತಾದ ಹಾಗೆ ಹೆಜ್ಜೆ ಮೋಟಾಗುತ್ತೆ, ಹದಿಮೂರು ಇದ್ದದ್ದು ಹದಿನಾಲ್ಕಾದರೆ ಕಾಲು ಬದಲಾಗುತ್ತೆ. ಉಗಾಂಡದ ಜಾನ್ ಅಕಿ-ಬುವಾ 1972ರ ಮ್ಯೂನಿಕ್‌ನಲ್ಲಿ 47.82ರ ವಿಶ್ವದಾಖಲೆಯಿಂದ ಚಿನ್ನ ಗೆದ್ದವನು. ಅವನು ಎರಡೂ ಕಾಲಿನಿಂದ ದಾಟಬಲ್ಲವನಾಗಿದ್ದ. ಎಡ್ವಿನ್ ಮೋಸೆಸ್ ಇನ್ನೊಂದು ದಾರಿ ಹಿಡಿದ. ಕೊನೆಯವರೆಗೂ ಹದಿಮೂರೇ ಹೆಜ್ಜೆ, ಒಂದೇ ಕಾಲು. 1977ರಿಂದ 1987ರವರೆಗೆ ಸತತ 122 ಓಟ ಸೋಲಲಿಲ್ಲ. ಒಬ್ಬನದು ಎರಡು ಕಾಲಿನ ಸಮತೋಲ, ಇನ್ನೊಬ್ಬನದು ಒಂದು ಕಾಲಿನ ಪರಿಣತಿ. ಇಬ್ಬರೂ ಜಗತ್ತನ್ನು ಗೆದ್ದರು. 110 ಮೀಟರಿನವರಿಗೆ ಮಾತ್ರ ಈ ಆಯ್ಕೆ ಇಲ್ಲ.

ಹಾಗಾದರೆ ಎರಡು ಕಾಲೂ ಸಮ ಇರಬೇಕು ಅನ್ನೋ ಮಾತು ಎಲ್ಲಿಂದ ಬಂತು? ಅಳೆಯುವ ಯಂತ್ರದಿಂದ. 1967ರಲ್ಲಿ ಹಿಸ್ಲಪ್ ಮತ್ತು ಪೆರಿನ್ ಎಂಬಿಬ್ಬರು ಅಮೆರಿಕದಲ್ಲಿ ಐಸೋಕೈನೆಟಿಕ್ ವ್ಯಾಯಾಮದ ಕಲ್ಪನೆಯನ್ನು ಪ್ರಕಟಿಸಿದರು. ಎಷ್ಟೇ ಜೋರಾಗಿ ಒದ್ದರೂ ಸನ್ನೆ ಒಂದೇ ವೇಗದಲ್ಲಿ ಚಲಿಸುತ್ತೆ, ನೀವು ಹಾಕಿದ ಬಲವನ್ನು ಯಂತ್ರ ಬರೆದುಕೊಳ್ಳುತ್ತೆ. ನಾನು ಕೂತ ಕುರ್ಚಿ ಅದರದ್ದೇ ವಂಶ. ಎಡ, ಬಲ ಎರಡಕ್ಕೂ ಒಂದೊಂದು ಸಂಖ್ಯೆ ಸಿಕ್ಕಿದ ಮೇಲೆ ಕಳೆಯೋಕೆ ಎಷ್ಟು ಹೊತ್ತು? ಬಲಿಷ್ಠ ಕಾಲಿನಿಂದ ದುರ್ಬಲ ಕಾಲನ್ನು ಕಳೆದು, ಬಲಿಷ್ಠದಿಂದ ಭಾಗಿಸಿ, ನೂರರಿಂದ ಗುಣಿಸಿ. ಶೇಕಡಾ 10ರಿಂದ 15ಕ್ಕಿಂತ ವ್ಯತ್ಯಾಸ ಹೆಚ್ಚಿದ್ದರೆ ಎಚ್ಚರ ಅನ್ನೋ ರೂಢಿ ಬೆಳೆಯಿತು. ಶಸ್ತ್ರಚಿಕಿತ್ಸೆ ಆದವರನ್ನು ಮತ್ತೆ ಆಟಕ್ಕೆ ಬಿಡುವಾಗ ಇದು ಉಪಯೋಗದ ಸಂಖ್ಯೆ, ಅದನ್ನು ಅಲ್ಲಗಳೆಯಲ್ಲ.

ತೊಂದರೆ ಏನಂದ್ರೆ, ಪರೀಕ್ಷೆ ಬದಲಾದರೆ ಉತ್ತರ ಬದಲಾಗುತ್ತೆ. ಕುರ್ಚಿಯಲ್ಲಿ ಒದೆಯುವಾಗ ಗಟ್ಟಿ ಇದ್ದ ಕಾಲು, ಒಂಟಿಕಾಲ ಜಿಗಿತದಲ್ಲಿ ಹಿಂದೆ ಬೀಳಬಹುದು. ಬಲ ಅನ್ನೋದು ಒಂದೇ ಗುಣವಲ್ಲ. ಎತ್ತುವ ಬಲ ಬೇರೆ, ತಡೆಯುವ ಬಲ ಬೇರೆ, ಕ್ಷಣದಲ್ಲಿ ಸಿಡಿಯುವ ಬಲ ಬೇರೆ. ಹರ್ಡಲರ್‌ನ ಎರಡು ಕಾಲು ಬೇರೆ ಬೇರೆ ಪಾಠ ಕಲಿತಿರುವಾಗ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹೋಲಿಸಿದ ಹಾಗಾಗುತ್ತೆ. ಹರ್ಡಲ್ಸ್ ಬಿಡಿ, ಉಸೇನ್ ಬೋಲ್ಟ್‌ನನ್ನೇ ತಗೊಳ್ಳಿ. ಅವನ ಬೆನ್ನುಮೂಳೆ ಡೊಂಕು, ಬಲಗಾಲು ಎಡಗಾಲಿಗಿಂತ ಅರ್ಧ ಇಂಚಿನಷ್ಟು ಗಿಡ್ಡ. ಅವನ ಓಟದ ವಿಡಿಯೋ ವಿಶ್ಲೇಷಿಸಿದ ಅಮೆರಿಕದ ಸಂಶೋಧಕರು, ಬಲಗಾಲು ನೆಲಕ್ಕೆ ಹಾಕುವ ಗರಿಷ್ಠ ಬಲ ಎಡಗಾಲಿಗಿಂತ ಶೇಕಡಾ 13ರಷ್ಟು ಹೆಚ್ಚು, ಎಡಗಾಲು ನೆಲದ ಮೇಲೆ ಶೇಕಡಾ 14ರಷ್ಟು ಹೆಚ್ಚು ಹೊತ್ತು ಇರುತ್ತೆ ಅಂತ 2017ರಲ್ಲಿ ಹೇಳಿದರು. ಜಗತ್ತಿನ ಅತಿ ವೇಗದ ಮನುಷ್ಯ ಕುಂಟು ಲಯದಲ್ಲಿ ಓಡುತ್ತಿದ್ದ!

ಇಷ್ಟು ಹೇಳಿ ನಿಲ್ಲಿಸಿದರೆ "ವ್ಯತ್ಯಾಸ ಒಳ್ಳೆಯದು, ಚಿಂತೆ ಬಿಡಿ" ಅಂದ ಹಾಗಾಗುತ್ತೆ. ಅದೂ ಸುಳ್ಳು. ಕಸುಬಿನ ಗುರುತು ಒಂದು ದಿನ ಗಾಯವೂ ಆಗಬಹುದು. ಅದಕ್ಕೆ ಲಿಯು ಶಿಯಾಂಗ್ ಕಥೆ ಹೇಳಬೇಕು.

ಶಾಂಘೈನ ಲಿಯು 2004ರ ಅಥೆನ್ಸ್‌ನಲ್ಲಿ 12.91ಕ್ಕೆ ಓಡಿ ಚಿನ್ನ ಗೆದ್ದ. ಅದು 1993ರಿಂದ ಕಾಲಿನ್ ಜಾಕ್ಸನ್ ಹೆಸರಲ್ಲಿದ್ದ ವಿಶ್ವದಾಖಲೆಗೆ ಸಮ. 2006ರಲ್ಲಿ ಲೊಸಾನ್‌ನಲ್ಲಿ 12.88, ಹೊಸ ದಾಖಲೆ. 2007ರಲ್ಲಿ ವಿಶ್ವ ಚಾಂಪಿಯನ್. ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಇಡೀ ಚೀನಾದ ಗೋಡೆಗಳ ಮೇಲೆ ಅವನ ಚಿತ್ರ. 2008ರ ಆಗಸ್ಟ್ 18, ಮೊದಲ ಸುತ್ತು, ತುಂಬಿ ತುಳುಕುವ ಕ್ರೀಡಾಂಗಣ. ಯಾರೋ ಫಾಲ್ಸ್ ಸ್ಟಾರ್ಟ್ ಮಾಡಿದರು. ನಾಲ್ಕು ಹೆಜ್ಜೆ ಓಡಿದ ಲಿಯು ಬಲ ಹಿಮ್ಮಡಿಯ ನೋವಿಗೆ ಕುಂಟುತ್ತಾ ಸುರಂಗದ ಕಡೆ ನಡೆದುಬಿಟ್ಟ. ಅವನ ಕೋಚ್ ಸುನ್ ಹೈಪಿಂಗ್ ಪತ್ರಿಕಾಗೋಷ್ಠಿಯಲ್ಲಿ ಅತ್ತುಬಿಟ್ಟರು. ಕೆಲವರು ಮರುಗಿದರು. ಆದರೆ ಓಡಿಹೋದವನು, ನಾಟಕ ಆಡಿದವನು ಅಂತ ಬೈದವರೂ ಕಡಿಮೆ ಇರಲಿಲ್ಲ. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಅವನು ವಾಪಸ್ ಬಂದ. ಎಂಟು ಹೆಜ್ಜೆ ಬಿಟ್ಟು ಏಳನ್ನು ಕಲಿತ. ಇಪ್ಪತ್ತೇಳರ ವಯಸ್ಸಿನಲ್ಲಿ, ಚಿನ್ನ ಗೆದ್ದ ಕಾಲುಗಳಿಗೆ ಮತ್ತೆ ಅ ಆ ಇ ಈ. 2012ರಲ್ಲಿ ಯುಜೀನ್‌ನಲ್ಲಿ ಗಾಳಿಯ ನೆರವಿನಿಂದ 12.87. ಆಮೇಲೆ ಲಂಡನ್. ಆಗಸ್ಟ್ 7, ಮತ್ತೆ ಮೊದಲ ಸುತ್ತು. ಮೊದಲ ಹರ್ಡಲ್‌ಗೇ ಕಾಲು ಬಡಿದು ಬಿದ್ದ. ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಸುರಂಗದ ಕಡೆ ಹೋಗುತ್ತಿದ್ದವನು ತಿರುಗಿ ಬಂದು, ಟ್ರ್ಯಾಕ್ ಪಕ್ಕದಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ ಕೊನೆಯವರೆಗೂ ಹೋದ. ಕೊನೆಯ ಹರ್ಡಲ್‌ಗೆ ಮುತ್ತಿಟ್ಟ. ಜೊತೆಯ ಓಟಗಾರರು ಹಿಡಿದುಕೊಂಡು ಗಾಲಿಕುರ್ಚಿಗೆ ಕೂರಿಸಿದರು. 2015ರಲ್ಲಿ ನಿವೃತ್ತಿ ಹೇಳಿದ.

ಆ ವಿಡಿಯೋ ನಾನು ಎಷ್ಟು ಸಲ ನೋಡಿದೆನೋ. ಎರಡು ಕಾಲಿಗೆ ಎರಡು ಕೆಲಸ ಹಂಚಿದ ಆಟ ಕೊನೆಗೆ ಅವನನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಿತ್ತು. ಬೈದವರು ನೋಡಿದ್ದು ಗೆಲುವು ಸೋಲು ಮಾತ್ರ. ಅಷ್ಟು ವರ್ಷ ಸೆಕೆಂಡಿನ ಹತ್ತನೇ ಭಾಗದಲ್ಲಿ ಭಾರ ಹೊತ್ತ ಆ ಬೆರಳು ದಪ್ಪದ ಸ್ನಾಯುರಜ್ಜು ಯಾರ ಲೆಕ್ಕದಲ್ಲೂ ಇರಲಿಲ್ಲ.

ನಮ್ಮ ಕಡೆಗೂ ಬರೋಣ. 1964ರ ಟೋಕಿಯೋದಲ್ಲಿ ಗುರ್‌ಬಚನ್ ಸಿಂಗ್ ರಾಂಧಾವಾ 110 ಮೀಟರ್ ಹರ್ಡಲ್ಸ್‌ನಲ್ಲಿ ಐದನೆಯವರಾಗಿ ಬಂದರು. ಆ ಸಾಧನೆಯನ್ನು ಮೀರಿಸುವ ಭಾರತೀಯ ಹರ್ಡಲರ್ ಈ ಓಟದಲ್ಲಿ ಇನ್ನೂ ಬಂದಿಲ್ಲ. ಮುಂಬಯಿಯ ಸಿದ್ಧಾಂತ್ ತಿಂಗಳಾಯ 2017ರಲ್ಲಿ 13.48ಕ್ಕೆ ತಂದ ರಾಷ್ಟ್ರೀಯ ದಾಖಲೆಯನ್ನು 2024ರಲ್ಲಿ ಮಹಾರಾಷ್ಟ್ರದ ತೇಜಸ್ ಶಿರ್ಸೆ 13.41ಕ್ಕೆ ಇಳಿಸಿದರು. ತಿಂಗಳಾಯ ಅನ್ನೋ ಹೆಸರು ಕೇಳಿದ ಕೂಡಲೇ ಕರಾವಳಿಯವರ ಕಿವಿ ನಿಮಿರುತ್ತೆ, ನನಗೆ ಗೊತ್ತು!

ಹೆಂಗಸರಲ್ಲಿ ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ. ಅವರ ಓಟ 100 ಮೀಟರ್, ಹರ್ಡಲ್ 84 ಸೆಂಟಿಮೀಟರ್, ನಡುವೆ ಎಂಟೂವರೆ ಮೀಟರ್. ಆದರೆ ಅಲ್ಲೂ ಮೂರೇ ಹೆಜ್ಜೆ, ಅಲ್ಲೂ ಒಂದೇ ಕಾಲು. 2020ರಲ್ಲಿ ನಮ್ಮ ಮೂಡುಬಿದಿರೆಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವರು 13.03ಕ್ಕೆ ಓಡಿದರು. ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ್ದ ರಾಷ್ಟ್ರೀಯ ದಾಖಲೆ 13.38. ಅದನ್ನು ಪುಡಿಮಾಡಿದ ಓಟ, ಆದರೆ ಉದ್ದೀಪನ ಮದ್ದು ಪರೀಕ್ಷೆ ಮತ್ತು ಫೆಡರೇಷನ್ ಪ್ರತಿನಿಧಿ ಇಲ್ಲದ ಕಾರಣ ಪುಸ್ತಕಕ್ಕೆ ಸೇರಲಿಲ್ಲ. 2022ರಲ್ಲಿ ಸೈಪ್ರಸ್‌ನಲ್ಲಿ 13.23ಕ್ಕೆ ಓಡಿ ದಾಖಲೆಯನ್ನು ತಮ್ಮದಾಗಿಸಿಕೊಂಡರು, 2023ರಲ್ಲಿ ಅದನ್ನು 12.78ಕ್ಕೆ ತಂದರು. 2024ರ ಪ್ಯಾರಿಸ್‌ನಲ್ಲಿ, ಈ ಓಟದಲ್ಲಿ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಮಹಿಳೆಯಾದರು. 2025ರ ಮೇನಲ್ಲಿ ಮತ್ತೆ ಏಷ್ಯನ್ ಚಾಂಪಿಯನ್. ಅದಾದ ಕೆಲವೇ ವಾರಗಳಲ್ಲಿ ಅಭ್ಯಾಸದ ವೇಳೆ ಮೊಣಕಾಲಿನ ಎಸಿಎಲ್ ಪೆಟ್ಟು, ಶಸ್ತ್ರಚಿಕಿತ್ಸೆ.

ಆ ಸುದ್ದಿ ಬಂದ ದಿನ ಕಾಮೆಂಟುಗಳನ್ನು ಓದುತ್ತಿದ್ದೆ. ಹೆಚ್ಚಿನವರದು ಹಾರೈಕೆ. ನಡುವೆ ಅಲ್ಲೊಂದು ಇಲ್ಲೊಂದು "ಇನ್ನು ಇವರ ಕಥೆ ಮುಗೀತು". ಬೀಜಿಂಗ್ ನೆನಪಾಯಿತು. ಒಂದು ಕಾಲು ಸೋತ ಕೂಡಲೇ ಇಡೀ ಮನುಷ್ಯನನ್ನು ಬರೆದುಹಾಕಲು ನಮಗೆಷ್ಟು ಆತುರ!

ಫಿಸಿಯೋ ಕೇಳಿದ ಪ್ರಶ್ನೆಗೆ ಈಗ ನನ್ನ ಹತ್ತಿರ ಒಂದು ಉತ್ತರ ಇದೆ. ಸಮ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕೇಳಬೇಕಾದ್ದು "ಎರಡೂ ಒಂದೇ ಥರ ಇವೆಯಾ" ಅಂತ ಅಲ್ಲ, "ಪ್ರತಿ ಕಾಲು ತನ್ನ ಕೆಲಸ ಮಾಡುವಷ್ಟು ಗಟ್ಟಿ ಇದೆಯಾ, ನಿನ್ನೆಯ ತನಗಿಂತ ಇಂದು ಹೇಗಿದೆ" ಅಂತ. ಹರ್ಡಲರ್‌ಗಳಿಗೂ ಇದೇ ಪ್ರಶ್ನೆ. ಕಾಲನ್ನು ಪಕ್ಕದ ಕಾಲಿನ ಜೊತೆಗಿಂತ ಅದರದೇ ಹಳೆಯ ಲೆಕ್ಕದ ಜೊತೆ ಹೋಲಿಸಿ ನೋಡೋದು ಹೆಚ್ಚು ನ್ಯಾಯ. ಅದಕ್ಕೆ ಗಾಯ ಆಗುವ ಮುಂಚಿನ ಅಳತೆ ಬರೆದಿಟ್ಟಿರಬೇಕು. ನಾನು ಇಟ್ಟಿರಲಿಲ್ಲ. ನಿಮ್ಮ ಮಕ್ಕಳು ಯಾವುದಾದರೂ ಆಟವನ್ನು ಗಂಭೀರವಾಗಿ ಆಡುತ್ತಿದ್ದರೆ, ಚೆನ್ನಾಗಿರುವಾಗಲೇ ಒಮ್ಮೆ ಅಳೆಸಿ ಇಟ್ಟುಕೊಳ್ಳಿ. ಖರ್ಚು ಮಾಡಲೇಬೇಕಂತಿಲ್ಲ. ಒಂಟಿಕಾಲಲ್ಲಿ ಎಷ್ಟು ದೂರ ಜಿಗಿಯುತ್ತಾರೆ ಅಂತ ಟೇಪ್ ಹಿಡಿದು, ಎಡಕ್ಕೊಂದು ಬಲಕ್ಕೊಂದು ಸಂಖ್ಯೆ, ತಾರೀಖು ಹಾಕಿ ಬರೆದಿಟ್ಟರೂ ಆಯಿತು.

ನನ್ನ ಎಡಗಾಲಿನ ಕಂಬ ಇನ್ನೂ ಮೋಟಾಗಿಯೇ ಇದೆ. ಹೋದ ತಿಂಗಳಿಗಿಂತ ಎತ್ತರ. ಸದ್ಯಕ್ಕೆ ಅಷ್ಟು ಸಾಕು. ಮುಂದಿನ ವಿಡಿಯೋದಲ್ಲಿ ಸಿಗೋಣ.